ಫೈನ್, ಎಂದಳು ಡೊರೀನ್

ಬೋಲ್ಟನ್ ಪೇಟೆಯ ಬಸ್ ನಿಲ್ದಾಣದಲ್ಲಿ
ಯಾರು ಏನು ಕೇಳಿದರೂ ಅವಳದ್ದು ಒಂದೇ ಉತ್ತರ.
ಮಂಡಿನೋವು ಹೇಗಿದೆ, ಡೊರೀನ್? ಫೈನ್.
ಮೊನ್ನೆ ಡಾಕ್ಟರು ಏನೆಂದರು? ಫೈನ್.
ಪಿಂಗಾಣಿ ತಟ್ಟೆಯ ಬಿರುಕು ಗೋಡೆಯ ಕಡೆಗಿರುವಂತೆ
ಶೆಲ್ಫಿನ ಮೇಲೆ ತಿರುಗಿಸಿಡುವುದಿಲ್ಲವೆ,
ಹಾಗೆ ಇಡುತ್ತಾಳೆ ಆ ಪದವನ್ನು.

ನಾನು ಅವಳ ಗಂಡ ಹೆಡ್ಲಿಯ ಬ್ಯಾಂಡಿನಲ್ಲಿ
ಎರಡನೇ ಕಾರ್ನೆಟ್ಟು.
ಮೂವತ್ತೊಂದು ವರ್ಷದಿಂದ ಎರಡನೆಯದೇ.
ಬುಧವಾರದ ತಾಲೀಮು ಮುಗಿದ ಮೇಲೆ
ಅವರ ಅಡುಗೆಮನೆಯಲ್ಲಿ ಚಹಾ, ಜೊತೆಗೆ
ಅವಳ ಗಿರಣಿಯ ಕತೆ.

ಹದಿನೈದಕ್ಕೆ ಹೋದೆ ನೂಲುವುದಕ್ಕೆ, ಅನ್ನುತ್ತಾಳೆ.
ಉಳಿದ ಊರುಗಳಲ್ಲಿ ದಪ್ಪ ನೂಲು,
ನಮ್ಮದು ಫೈನ್.
ಒಂದು ಪೌಂಡು ಹತ್ತಿಯನ್ನು ಎಳೆದೆಳೆದು
ನಲವತ್ತೇಳು ಮೈಲಿ ಮಾಡುತ್ತಿದ್ದೆವು ಗೊತ್ತೇನು?
ಇಲ್ಲಿಂದ ಬ್ಲ್ಯಾಕ್‌ಪೂಲಿನ ಕಡಲತನಕ,
ಕಡಲೊಳಗೂ ಒಂದಷ್ಟು ದೂರ.

ಅಷ್ಟು ನವಿರಾದದ್ದು
ಬಿಸಿಲು ಬಿದ್ದರೆ ತುಂಡಾಗುತ್ತದೆ.
ಅದಕ್ಕೇ ದೇವರು ಬೋಲ್ಟನ್ನಿಗೆ ಬಿಸಿಲು ಕೊಡಲಿಲ್ಲ,
ಅನ್ನುತ್ತಾನೆ ಹೆಡ್ಲಿ, ಬಿಸ್ಕತ್ತು ಅದ್ದುತ್ತ.

ಅವಳಮ್ಮನೂ ಅದೇ ಗಿರಣಿ, ಅದೇ ಸಾಲು.
ನೂಲಿನಂತೆ ಸೀರೆ ಅನ್ನುವ ಮಾತು
ಅಲ್ಲಿ ಯಾರಿಗೂ ಗೊತ್ತಿಲ್ಲ,
ಸೀರೆಯೂ ಗೊತ್ತಿಲ್ಲ;
ತಾಯಿಯಂತೆ ಮಗಳು ಮಾತ್ರ ಗೊತ್ತು.
ಆ ತಾಯಿಗೆ ಒಮ್ಮೆ
ಕಿಟಕಿಯಾಚೆ ನೋಡಿದ್ದಕ್ಕೆ
ಮೂರು ಪೆನ್ನಿ ಫೈನ್ ಹಾಕಿದನಂತೆ ಮೇಸ್ತ್ರಿ.
ಏನಿತ್ತು ಕಿಟಕಿಯಾಚೆ?
ಮಳೆ, ಅಂದಳು ಡೊರೀನ್. ಫೈನ್ ಮಳೆ.

ಈ ಊರಲ್ಲಿ ಹುಟ್ಟಿದವನಾದರೂ
ನನಗೆ ಇದೊಂದು ಕೊನೆಗೂ ಬಗೆಹರಿದಿಲ್ಲ.
ದಿನ ಫೈನ್ ಅಂದರೆ ಮಳೆಯಿಲ್ಲ.
ಮಳೆ ಫೈನ್ ಅಂದರೆ
ಕೊಡೆಗೂ ಸಿಗದೆ, ಕಣ್ಣಿಗೂ ಕಾಣದೆ,
ಮನೆ ಸೇರುವಷ್ಟರಲ್ಲಿ ಒಳಅಂಗಿ ಒದ್ದೆ.

ಹೆಡ್ಲಿಯ ಬಳಿ ಇನ್ನೊಂದಿತ್ತು.
ಸ್ವರಲಿಪಿಯ ಹಾಳೆಯ ನಡುವೆ, ಸಾಲಿನ ಮೇಲೆ,
ಅದೇ ನಾಲ್ಕಕ್ಷರ.
ಹುಡುಗರು ಫೈನ್ ಎಂದು ಓದಿದರೆ
ಕೋಲಿನಿಂದ ಸ್ಟ್ಯಾಂಡಿಗೆ ಬಡಿಯುತ್ತಿದ್ದ:
ಫೀನೆ! ಇಟಲಿಯವರದು. ಮುಗಿಯಿತು ಅಂತ.
ಪುಟದ ಕೊನೆ ಕೊನೆಯಲ್ಲ, ಮಕ್ಕಳೇ.
ಅಲ್ಲಿಂದ ಮತ್ತೆ ಮೊದಲಿಗೆ ಹೋಗಿ,
ಬಾರಿಸುತ್ತ ಬನ್ನಿ,
ಇದು ಸಿಕ್ಕಲ್ಲಿ ನಿಲ್ಲಿ.

ನಿಲ್ಲದವನು ನಾನೊಬ್ಬನೇ.
ಎಲ್ಲರೂ ತುಟಿ ತೆಗೆದ ಮೌನದಲ್ಲಿ
ನನ್ನ ಕಾರ್ನೆಟ್ಟು ಇನ್ನೂ ಎರಡು ಹೆಜ್ಜೆ ಓಡುತ್ತಿತ್ತು,
ಕಟ್ಟು ಬಿಚ್ಚಿಕೊಂಡ ನಾಯಿಮರಿ.
ಇಂಥದ್ದಕ್ಕೆಂದೇ ಒಂದು ಟಾಫಿ ಡಬ್ಬಿ ಇಟ್ಟಿದ್ದರು.
ತಪ್ಪಿದವನು ಇಪ್ಪತ್ತು ಪೆನ್ಸ್ ಹಾಕಬೇಕು.
ಡಬ್ಬಿ ಹಿಡಿದು ಬರುವವಳು ಡೊರೀನ್.
ಕ್ರಿಸ್ಮಸ್ಸಿನ ಶೆರ್ರಿ
ಬಹುಪಾಲು ನನ್ನ ದುಡ್ಡಿನದ್ದು.

ಮಾರ್ಚಿಯಲ್ಲಿ ಹೆಡ್ಲಿಯನ್ನು ಮಣ್ಣು ಮಾಡಿದೆವು.
ಅವನದೇ ಇಷ್ಟದ ನಡಿಗೆಯ ಬಿರುಸು ರಾಗ,
ನಿಧಾನ ಮಾಡಬೇಡಿ ಎಂದು ಬರೆದಿಟ್ಟಿದ್ದ.
ಪುಟ ಮುಗಿಸಿದೆವು, ಮೊದಲಿಗೆ ಹೋದೆವು.
ಹವೆ ಎಂಥದ್ದೆಂದು ಹೇಳಬೇಕಾಗಿಲ್ಲ;
ಕನ್ನಡಕದ ಗಾಜು ಪೂರ್ತಿ ಮಂಜು,
ಹಾಳೆಯ ಮೇಲೆ ಶಾಯಿ ಈಜುತ್ತಿತ್ತು.
ಎಲ್ಲರೂ ನಿಂತರು.

ನನ್ನದು ಎರಡು ಹೆಜ್ಜೆ
ಒಂಟಿಯಾಗಿ ಹೋಗಿ
ಗುಂಡಿಯ ಆಚೆ ದಡ ಮುಟ್ಟಿ ನಿಂತಿತು.

ಪಾದ್ರಿ ಕೆಮ್ಮಿದ.
ಟ್ರಂಬೋನಿನವರು ನೆಲ ನೋಡಿದರು.
ಡೊರೀನ್ ಕಪ್ಪು ಕೋಟಿನಲ್ಲಿ
ಹುಲ್ಲು ತುಳಿಯುತ್ತ ನನ್ನೆಡೆಗೇ ಬಂದಳು.
ಕ್ಷಮಿಸು ಅನ್ನಲು ಹೊರಟವನು,
ಬಾಯಿ ತಪ್ಪಿ, ಊರೆಲ್ಲ ಕೇಳುವುದನ್ನೇ ಕೇಳಿದೆ:
ಹೇಗಿದ್ದೀ?

ಕೈಗವುಸು ಕಳಚಿದಳು.
ಅಂಗೈ ಚಾಚಿದಳು.

ಫೈನ್, ಎಂದಳು.

ಜೇಬು ತಡಕಿ
ಇಪ್ಪತ್ತು ಪೆನ್ಸ್ ಇಟ್ಟೆ.
ಸರಿಯಾಗಿದೆಯೇ ಎಂಬಂತೆ ನೋಡಿ,
ಮುಷ್ಟಿ ಬಿಗಿದು, ಬಹಳ ಹೊತ್ತು
ಬಿಡಲಿಲ್ಲ.