ವಾರೆನೋಟ

ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿದ್ದೇವೆ,
ನಾಲ್ಕು ಮೂಲೆಗೆ ನಾಲ್ಕು ಕಾಫಿ ಲೋಟ.
ರಾತ್ರಿ ಹತ್ತಾದರೂ ಕತ್ತಲಾಗಲೊಲ್ಲದ ನಮ್ಮ ಫಿನ್ಲೆಂಡಿನ ಜುಲೈ,
ಕಿಟಕಿಯ ಬಲೆಗೆ ಮುತ್ತಿದ ಸೊಳ್ಳೆ.

ಇಷ್ಟು ವರ್ಷ ಉರ್ಪೊ ರ‍್ಯಾಲಿಗೆ ಹೋದದ್ದು ತಾಹ್ವೊನ ಜೊತೆ.
ಬೆಳಿಗ್ಗೆ ಸಾಸೇಜು ಕಟ್ಟಿಕೊಡುವುದು,
ಸಂಜೆ ಧೂಳು ಕುಡಿದ ಅಂಗಿ ಒಗೆಯುವುದು,
ರೇಸಿನಲ್ಲಿ ಅಷ್ಟೇ ನನ್ನ ಪಾಲು.
ಈ ಸಲ ತಾಹ್ವೊನ ಸೊಂಟಕ್ಕೆ ಉಕ್ಕಿನ ಕೀಲು ಕೂರಿಸಿದ್ದಾರೆ.
ಉರ್ಪೊನ ಕಣ್ಣಿಗೆ ಕೂರಿಸುವಂಥದು ಏನೂ ಇಲ್ಲವಂತೆ.

ಕುರುಡಲ್ಲ ಅವನು.
ನೋಟದ ನಟ್ಟನಡುವೆ ಒಂದು ಮಸಿಕಲೆ,
ಲೋಕ ಉಳಿದಿರುವುದು ಅಂಚಿಗೆ ಮಾತ್ರ,
ನಡುವೆ ಸೀದು ಸುತ್ತ ಬೆಂದ ರೊಟ್ಟಿಯ ಹಾಗೆ.
ನೇರ ನೋಡಿದ್ದು ಮಾಯ,
ನೋಡದೆ ಬಿಟ್ಟದ್ದು ಕಾಣುತ್ತದೆ.
ನನ್ನ ಮುಖ ಬೇಕಾದಾಗ ಗೋಡೆಗಡಿಯಾರ ನೋಡುತ್ತಾನೆ.
ಮದುವೆಯಾದ ನಲವತ್ತೊಂದನೆಯ ವರ್ಷಕ್ಕೆ
ನಮ್ಮ ಮನೆಯಲ್ಲಿ ಶುರುವಾಗಿದೆ ಕುಡಿನೋಟ.

ಹಾಗಾಗಿ ಜಾಗದ ಪ್ರಶ್ನೆ.
ಸೇತುವೆಯ ತಿರುವು? ಅಂದೆ.
ಅಲ್ಲಿ ಕಾರು ಬರೀ ತಿರುಗುತ್ತೆ, ಅಂದ.
ಕೆರೆಯ ಬದಿ?
ಬಿಸಿಲು ಎದುರಿಗೆ.
ಕೊನೆಗೆ ಅವನ ಬೆರಳು ತಾನಾಗಿ ಹೋಗಿ ನಿಂತದ್ದು
ಮೈರಾಳ ಓಟ್ಸ್ ಹೊಲದ ಪಕ್ಕದ ದಿಬ್ಬದ ಮೇಲೆ.
ಅಲ್ಲಿ ಮಣ್ಣುರಸ್ತೆ ಹಸುವಿನ ಹಾಗೆ ಬೆನ್ನು ಎತ್ತುತ್ತದೆ,
ನೂರೆಪ್ಪತ್ತರಲ್ಲಿ ಬಂದ ಕಾರು ನೆಲ ಬಿಡುತ್ತದೆ.
"ನೆಲ ಬಿಟ್ಟ ಕೂಡಲೇ ಇಂಜಿನ್ನಿನ ದನಿ ಏರುತ್ತೆ, ಹೆಲ್ವಿ,
ಹಿಡಿಯೋಕೆ ಏನೂ ಸಿಗದೆ ಚಕ್ರ ಕೂಗಿಕೊಳ್ಳುತ್ತೆ.
ಆಮೇಲೆ ಧೊಪ್ಪಂತ ಜಲ್ಲಿ."

ಕಾರು ಹಾರುವುದು ಕಾಣಬೇಕಾದರೆ
ಅವನು ನೋಡಬೇಕಾದ್ದು ಬೇರೆ ಏನನ್ನೋ,
ನಾಲ್ಕು ಮಾರು ಎಡಕ್ಕೆ.
ದಿಟ್ಟಿ ಕಟ್ಟಿಹಾಕಲು ಒಂದು ಗೂಟ.
ಬರ್ಚ್ ಮರ ಆಗದು, ಒಂದರ ಪಕ್ಕ ಇನ್ನೊಂದು, ಎಲ್ಲವೂ ಬಿಳಿ.
ಹಳೆಯ ಹಾಲಿನ ಕಟ್ಟೆ ಇದೆಯಲ್ಲ,
ಲಾರಿಗೆಂದು ಮೈರಾಳ ಅಮ್ಮ ಕ್ಯಾನು ತಂದಿಡುತ್ತಿದ್ದ ಮರದ ಅಟ್ಟಣೆ,
ಪಾಚಿ ಬಿಟ್ಟರೆ ಈಗ ಅದರ ಮೇಲೆ ಏನೂ ಇಲ್ಲ.
ಅಲ್ಲಿ ಕೆಂಪು ಬಕೆಟ್ಟು ಮಗುಚಿಡುವುದು ಎಂದಾಯಿತು.
"ನಿನಗೆ ಬಕೆಟ್ಟು ಕಾಣುತ್ತಾ?"
"ಕಾಣಬಾರದು. ಅದು ಮಾಯವಾದರೆ
ಸರಿಯಾದ ಕಡೆ ನೋಡ್ತಿದ್ದೀನಿ ಅಂತ ಅರ್ಥ."

ಉಳಿದದ್ದು ನಾನು ಬರೆದುಕೊಂಡೆ.
ಆರಕ್ಕೆ ರಸ್ತೆ ಮುಚ್ಚುತ್ತಾರೆ, ನಾಲ್ಕಕ್ಕೆ ಹೊರಡುವುದು.
ಕಾರು ನಿಲ್ಲಿಸಲು ಮೈರಾಗೆ ಹತ್ತು ಯೂರೊ
(ದುಡ್ಡಿನ ವಿಷಯಕ್ಕೆ ಅವಳು ನೆಂಟಸ್ತಿಕೆ ತರುವವಳಲ್ಲ).
ರಬ್ಬರ್ ಬೂಟು, ಮಡಚುವ ಕುರ್ಚಿ ಎರಡು, ಸೊಳ್ಳೆ ಎಣ್ಣೆ.
ಹೆಂಗಸರು ಮೂತ್ರಕ್ಕೆ ಎಲ್ಲಿ ಹೋಗುವುದು ಎಂದೆ.
ಮೂವತ್ತು ವರ್ಷದ ರ‍್ಯಾಲಿ ಅನುಭವ
ಗಡಿಯಾರ ನೋಡುತ್ತಾ ಸುಮ್ಮನೆ ಕೂತಿತು.

ಮಂಗಳವಾರ ತಾಲೀಮು.
ಅವನನ್ನು ಚರಂಡಿಯಾಚೆ ಕುರ್ಚಿಯಲ್ಲಿ ಕೂರಿಸಿ,
ಬಕೆಟ್ಟು ಇಟ್ಟು,
ಒಂದು ಕಿಲೋಮೀಟರು ಹಿಂದಕ್ಕೆ ಹೋದೆ,
ನಮ್ಮ ಕಂದು ಬಣ್ಣದ ಮುದಿ ಕಾರಿನಲ್ಲಿ.
ನಲವತ್ತರಲ್ಲಿ ದಿಬ್ಬ ದಾಟಿದೆ. ಏನೂ ಕಾಣಲಿಲ್ಲ, ಅಂದ.
ಕುರ್ಚಿ ಎರಡು ಗೇಣು ಸರಿಸಿದೆವು.
ಅರವತ್ತರಲ್ಲಿ ಬಂದೆ. ಕಂದು ಏನೋ ಹೋಯಿತು, ಅಂದ.

ಮೂರನೆಯ ಸಲ ಮುಳ್ಳು ಎಷ್ಟರಲ್ಲಿತ್ತೋ ನಾನು ನೋಡಲಿಲ್ಲ.
ದಿಬ್ಬದ ನೆತ್ತಿಯಲ್ಲಿ
ಹೊಟ್ಟೆಯೊಳಗಿನ ಗಂಜಿ ಒಂದು ಕ್ಷಣ ನನ್ನದಾಗಿರಲಿಲ್ಲ.
ಹಿಂದೆ ಡಿಕ್ಕಿಯಲ್ಲಿ ಆಲೂಗಡ್ಡೆ ಚೀಲ ಬಾಯಿ ಬಿಚ್ಚಿ
ಗುಡುಗುಡು ಉರುಳಿತು.

ತಿರುಗಿಸಿಕೊಂಡು ಬಂದರೆ
ಅವನು ಇನ್ನೂ ಹಾಲಿನ ಕಟ್ಟೆಯನ್ನೇ ನೋಡುತ್ತಿದ್ದಾನೆ,
ಮೀಸೆಯ ತುಂಬ ಧೂಳು, ಧೂಳಿನ ತುಂಬ ನಗು.
"ಹಾರಿತು ಹೆಲ್ವಿ. ನಾಲ್ಕೂ ಚಕ್ರ."

ಹಾರಿರಲಿಲ್ಲ. ಸ್ಟೀರಿಂಗು ಹಿಡಿದವಳಿಗೆ ಗೊತ್ತಾಗದೆ?
ಎಷ್ಟು ಎತ್ತರ, ಎಂದೆ.
ಗೇಣು ಅಳೆದು ತೋರಿಸಿದ.
ಇಂಜಿನ್ನು ಆರಿಸಿರಲಿಲ್ಲ ನಾನು.
ಇನ್ನೊಂದು ಸಲ ಬರಲಾ, ಅಂದೆ.