ಉಪನಾಮದ ಚೌಕ

ರೂವಿಯಲ್ಲಿ, ಬಾಪನ ಹೊಲಿಗೆಯಂಗಡಿಯ ಮೇಲಿನ ಕೋಣೆಯಲ್ಲಿ
ಪ್ರತಿ ಶುಕ್ರವಾರ, ಅಸರ್ ಬಾಂಗಿನ ನಂತರ
ನಾವಿಬ್ಬರು ಕೂರುತ್ತಿದ್ದೆವು,
ನಡುವೆ ಒಂದು ಲ್ಯಾಪ್‌ಟಾಪು, ಎರಡು ಕಾಗದದ ಲೋಟ ಚಾ.
ಕೆಳಗೆ ಯಂತ್ರದ ಸದ್ದು ನಿಂತರೆ
ಬಾಪ ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದಾರೆಂದು ಲೆಕ್ಕ.

ಅವಳು ಹುಲಿಗೆಮ್ಮ, ಕೊಪ್ಪಳದ ಕಡೆಯವಳು.
ಸಮುದ್ರವನ್ನು ಕುಡಿಯುವ ನೀರು ಮಾಡುವ ಸ್ಥಾವರದಲ್ಲಿ ರಾತ್ರಿ ಪಾಳಿ.
ನಾನು ಮಿಸ್ರಿಯಾ. ಏಳು ವಿಶ್ವವಿದ್ಯಾಲಯಗಳು
ಏಳು ಬಗೆಯ ವಿನಯದಲ್ಲಿ ಬೇಡವೆಂದವು,
ಎಂಟನೆಯದು ಬಾ ಅಂದಿತು, ವೀಸಾ ಇನ್ನೂ ಬರಬೇಕು.
ಅಷ್ಟಕ್ಕೇ ನಾನೇನು ಗುರುವಲ್ಲ.
ಒಂದು ಮೆಟ್ಟಿಲು ಮೇಲೆ ನಿಂತು
ಈ ಹಲಗೆ ಸಡಿಲ, ಕಾಲಿಡಬೇಡ ಅನ್ನುವವಳು.
ನನಗೆ ಹಾಗೆ ಅಂದವಳು ರಯ್ಯಾ, ಸೂರ್‌ನ ದೋಣಿ ಬಡಗಿಯ ಮಗಳು:
ಪ್ರೊಫೆಸರಿಗೆ ನಾಲ್ಕೇ ಸಾಲು ಬರಿ, ಐದನೆಯದನ್ನು ಓದುವುದಿಲ್ಲ;
ಅರ್ಜಿ ಶುಲ್ಕ ಇಪ್ಪತ್ತೊಂಬತ್ತು ರಿಯಾಲ್,
ಕೇಳಿದರೆ ಮಾಫಿ ಇದೆ, ಕೇಳಬಹುದೆಂದು ಯಾರೂ ಹೇಳುವುದಿಲ್ಲ.

ಹುಲಿಗೆಮ್ಮನ ಮೊದಲ ಕರಡು ಶುರುವಾದದ್ದು ಹೀಗೆ:
‘ಚಿಕ್ಕಂದಿನಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ.’
ಹೊಡೆದು ಹಾಕಿದೆ.
ಸುಳ್ಳೇನು? ಕೇಳಿದಳು.
ಸುಳ್ಳಲ್ಲ ಮಾರಾಯ್ತಿ, ಎಲ್ಲರದ್ದೂ ಇದೇ. ನಿನ್ನದು ಹೇಳು.

ಲೋಟದ ಅಂಚನ್ನು ಉಗುರಿನಿಂದ ಕೆರೆಯುತ್ತ ಹೇಳಿದಳು:
ಸೋಸುವ ಪೊರೆಯ ಮೇಲೆ ಕಟ್ಟಿದ ಬಿಳಿ ಪದರ
ಮೊದಲ ದಿನ ಕಂಡಾಗಲೇ ಗುರುತು ಹತ್ತಿತು,
ಅವ್ವನ ಕೊಡದ ತಳದಲ್ಲಿದ್ದವರ ಪೈಕಿಯೇ.
ಬೋರಿನ ನೀರಿಗೆ ಅವ್ವನ ಹಲ್ಲು ಮೂವತ್ತಕ್ಕೇ ಕಂದು.
ನಗು ಬಂದರೆ ಸೆರಗು ಬಾಯಿಗೆ.

ಮೇಜು ಕುಟ್ಟಿದೆ. ಇದು! ಇದನ್ನೇ ಬರಿ,
ಮೊದಲ ಸಾಲಿಗೇ ಸೆರಗು ಬರಲಿ.

ಲೋಟ ಕೆಳಗಿಟ್ಟಳು.
‘ಅವ್ವನ ಹಲ್ಲು ತೋರ್ಸಿ ಸೀಟು ಕೇಳಾಕ ನಾ ಒಲ್ಲೆ ಅಕ್ಕಾ.
ಆಕಿ ಮುಚ್ಚಿದ್ದನ್ನ ನಾ ಯಾಕ ತೆರೀಲಿ?’

ಕೆಳಗೆ ಯಂತ್ರ ನಿಂತಿತು.
ನನ್ನ ಪ್ರಬಂಧ ನೆನಪಾಯಿತು.
ಬಾಪನ ಬಾಗಿದ ಬೆನ್ನು ಎರಡನೇ ವಾಕ್ಯದಲ್ಲೇ ಇತ್ತು,
ಮಂಜುಗಣ್ಣು ಮೂರನೆಯದರಲ್ಲಿ.
ಅವರಿಗೆ ಓದಿ ಹೇಳಿರಲಿಲ್ಲ.
ಇಂಗ್ಲಿಷ್ ಬಾರದಲ್ಲ, ಅದಕ್ಕೇ ಅಂದುಕೊಂಡಿದ್ದೆ.

ಮತ್ತೇನು ಬರೆಯುತ್ತಿ?
ಚೀಲದಿಂದ ಕ್ಯಾಂಟೀನ್ ಚೀಟಿಗಳ ಕಟ್ಟು ತೆಗೆದಳು.
ಬೆನ್ನಿಗೆ ಪೆನ್ಸಿಲಿನಲ್ಲಿ ನಲವತ್ತೊಂದು ರಾತ್ರಿಗಳ ಒತ್ತಡದ ಅಂಕಿ,
ಯಾರೂ ಕೇಳದೆ ಬರೆದಿಟ್ಟದ್ದು.
ಸಮುದ್ರ ಕೆಂಪಾದ ವಾರ ಅಂಕಿ ಏರಿದೆ; ಅದು ಎಲ್ಲರಿಗೂ ಗೊತ್ತು.
ಏರುವ ಎರಡು ರಾತ್ರಿ ಮೊದಲು
ಒಂದು ಸಣ್ಣ ಇಳಿತ.
‘ಇದು ಯಾಕ ಇಳೀತೈತಿ, ನನಗ ತಿಳೀವಲ್ದು.
ತಿಳ್ಕೋಬೇಕು. ಅಷ್ಟ.’

ಅಷ್ಟನ್ನೇ ಇಂಗ್ಲಿಷಿಗೆ ಇಳಿಸಿದೆವು, ಮೂರು ಶುಕ್ರವಾರ ಹಿಡಿಯಿತು.
ಅದರಲ್ಲಿ ಒಂದು ಕ್ರಿಯಾಪದ ನನ್ನದು.

ಅಲ್ಲಿಯ ನಡುರಾತ್ರಿ ಗಡುವು, ಇಲ್ಲಿ ಬೆಳಗಿನ ಒಂಬತ್ತು.
ಪಾಳಿ ಮುಗಿಸಿ ನೇರ ಬಂದಳು, ಮೈಯೆಲ್ಲ ಕ್ಲೋರಿನ್ ವಾಸನೆ.
ಎಂಟು ನಲವತ್ತಕ್ಕೆ ಅರ್ಜಿ ವಾಪಸು ಬಿತ್ತು:
ಉಪನಾಮದ ಚೌಕ ಖಾಲಿ, ಸುತ್ತ ಕೆಂಪು ಗೆರೆ.
ಒಂದೇ ಹೆಸರಿನವರು ಅವರ ಲೆಕ್ಕದಲ್ಲಿ ಅರ್ಧ ಜನ.
ಊರಿನ ಹೆಸರು ಹಾಕು, ಅಂದೆ. ಅಡ್ಡಹೆಸರು?
‘ನಮಗ ಅಡ್ಡಹೆಸರಂದ್ರ ಕೇರಿ ಹೆಸರು.
ಕರದವರು ಅವರು, ಇಟ್ಕೊಂಡವರು ನಾವಲ್ಲ.’
ನಕ್ಕಳು, ಬಾಯಿ ಮುಚ್ಚದೆ.
ಎರಡೂ ಚೌಕ ತುಂಬಿದಳು:
ಹುಲಿಗೆಮ್ಮ ಹುಲಿಗೆಮ್ಮ.

ಒತ್ತಿದಾಗ ಎಂಟು ಐವತ್ತೆರಡು.
ಐವತ್ತೈದಕ್ಕೆ ಗೋಡೆಗೊರಗಿ ನಿದ್ದೆ ಹೋಗಿದ್ದಳು.

ಮೆಲ್ಲಗೆ ಕೆಳಗಿಳಿದೆ. ಬಾಪನ ಪಕ್ಕದ ಸ್ಟೂಲಿನಲ್ಲಿ ಕೂತು
ನನ್ನ ಎರಡನೇ ವಾಕ್ಯಕ್ಕೆ
ಬ್ಯಾರಿ ಮಾತು ಹುಡುಕುತ್ತಿದ್ದೆ.
ಏನೋ ಹೇಳಲಿಕ್ಕಿದೆ ಬಾಪ, ಅಂದೆ.
ಹೇಳುವಿಯಂತೆ, ಅಂದರು,
ಮೊದಲು ಈ ದಾರ ಪೋಣಿಸಿ ಕೊಡು.