ಪಂಚವೀಸ

ಕಬ್ಬಿನ ಹಂಗಾಮಿಗೆ ತೇರದಾಳದ ಆಚಿ
ಗುಡಿಸಲ ಬಿದ್ದಾಗ ಬಂದಾಕಿ ವೈಜಂತಾ.
ಟಿ.ಸಿ. ಇಲ್ಲ, ಪಾಟಿ ಇಲ್ಲ,
ಮೊಣಕೈತನಕ ರವದಿ ಗೀರಿದ ಗೆರಿ.
ಮೂರನೇತ್ತೆದಾಗ ಕುಂದರಿಸಿದೆ, ಬಾಗಲ ಸನೇಕ.

ಇಪ್ಪತ್ತೈದು ಬರೀರಿ, ಅಂದೆ.
ಐವತ್ತೆರಡು ಬರದಳು.
ಮೂವತ್ತೊಂದು ಅಂದ್ರ ಹದಿಮೂರು.
ಮೂವತ್ಮೂರು ಅಂದ್ರ ಮಾತ್ರ ಮೂವತ್ಮೂರು.
ಅದೊಂದಕ್ಕ ರೈಟು ಹಾಕಿ
ಉಳಿದದ್ದನ್ನೆಲ್ಲ ಕೆಂಪು ಪೆನ್ನಿಲೆ ಗೀರಿದೆ,
ರವದಿ ಗೀರಿದ್ಹಂಗ.
ಹದಿನೈದು ದಿನ.
ಕಡೀಕ ಹಾಳಿ ಮ್ಯಾಲೆ ‘ಲಕ್ಷ್ಯ ಇಲ್ಲ’ ಅಂತ ಬರದೆ.
ಯಾರಿಗೆ ಇಲ್ಲ ಅಂತ ಬರೀಲಿಲ್ಲ.

ಒಂದಿನ ಬಿಸಿಯೂಟದ ಹೊತ್ತಿನ್ಯಾಗ
ತೊಳದ ತಾಟು ಒಂದರ ಮ್ಯಾಲೊಂದು ಒಟ್ಟಕೋತ
ತನ್ನಷ್ಟಕ್ಕ ತಾನ ಎಣಸಾಕತ್ತಿದ್ದಳು:
ಏಕವೀಸ, ಬಾವೀಸ, ತೇವೀಸ,
ಚೋವೀಸ, ಪಂಚವೀಸ.

ನನ್ನ ಕೈಯಾಗಿನ ತುತ್ತು ಅಲ್ಲೇ ನಿಂತಿತು.
ಆಕಿ ಮಾತಿನ್ಯಾಗ ಐದು ಮೊದಲ ಓಡಿ ಬರತೈತಿ,
ಇಪ್ಪತ್ತು ಚಪ್ಪಲಿ ಬಿಟ್ಟು, ಕಾಲು ತೊಳಕೊಂಡು
ಸಾವಕಾಶ ಹಿಂದಿಂದ.
ನಮ್ಮ ಮನಿಯಾಗ ಹಿರೇರು ಮುಂದ,
ಅವರ ಮನಿಯಾಗ ಕೂಸು ಮುಂದ.
ಮಂದಿ ಅದ, ಬಾಗಲ ಬ್ಯಾರೆ.

ಮರುದಿನ ಪೆನ್ನು ಬಿಟ್ಟು ಕಡ್ಡಿ ತಂದೆ.
ಹತ್ತಕ್ಕೊಂದು ಹೊರಿ ಕಟ್ಟರಿ, ಉಳಿದದ್ದು ಬಿಡಿ.
ಹೊರಿ ಕಟ್ಟೂದು ಆಕಿಗೆ ಯಾರು ಕಲಸಬೇಕು?
ರವದಿ ಹೊಸದು ಒಂದ ತಿರುವಿಗೆ ಗಂಟು ಹಾಕಿದಳು.
ಗಿರಮಲ್ಲನ ಹೊರಿ ಮೂರು ಸಲ ಬಿಚ್ಚಿತು,
ಆಕಿನ ಹೋಗಿ ಕಟ್ಟಿಕೊಟ್ಟಳು.
ಎರಡು ಹೊರಿ, ಐದು ಬಿಡಿ.
ಮೊದಲ ಹೊರಿ ನೋಡು, ಆಮ್ಯಾಲೆ ಬರಿ.
ಬಾಯಿಲೆ ಪಂಚವೀಸ ಅಂದಳು,
ಕೈ ಇಪ್ಪತ್ತೈದು ಬರೀತು.

ಅಷ್ಟರಾಗ ಮಕ್ತುಮ ಎದ್ದು ನಿಂತ:
‘ಅಕ್ಕೋರ, ನಮ್ಮ ಮನ್ಯಾಗ ಪಚ್ಚೀಸ್ ಅಂತೀವ್ರಿ.’
ಮೂರು ವರ್ಷದಿಂದ ಮುಂದಿನ ಸಾಲಿನ್ಯಾಗ ಅದಾನ.
ಮನಸಿನ್ಯಾಗ ತಿರುವಿ ತಿರುವಿ
ನನಗ ಬೇಕಾದ್ಹಂಗ ಬರಕೋತ ಬಂದಿದ್ದ.
ನಾ ಕೇಳಿರಲಿಲ್ಲ.

ಆವಾಗಿಂದ ನನ್ನ ಕೆಂಪು ಗೆರಿ ಎಲ್ಲಾದರ ಮ್ಯಾಲೂ ಸಂಶೆ.
ಲಗಮಪ್ಪನ ಬಲಕ್ಕ ಹೋಗಿ ನಿಂತು ನೋಡಿದೆ,
ಒಂಬತ್ತರ ಮಗ್ಗಿ ಗಡಗಡ ಒದರಿದ.
ಎಡಗಿವಿ ಕೇಳಂಗಿಲ್ಲಂತ, ಗೋಬ್ಬರ ಆದಾಗಿಂದ.
ನಾ ನಿಲ್ಲೂದು ಯಾವಾಗ್ಲೂ ಎಡಕ್ಕ,
ಕಿಡಕಿ ಗಾಳಿಗೆ.

ಮಾರ್ಚಿನ್ಯಾಗ ಫ್ಯಾಕ್ಟರಿ ಭೋಂಗಾ ನಿಂತಿತು.
ಗುಡಿಸಲ ಇದ್ದಲ್ಲಿ ಮೂರು ಕಲ್ಲು, ಬೂದಿ.
ವೈಜಂತಾನ ಹೆಸರಿನ ಮುಂದ ಏನ ಬರೀಬೇಕಂತ
ಹೆಡ್‌ಮಾಸ್ತರರೂ ಹೇಳಲಿಲ್ಲ.
ಗಿರಮಲ್ಲ ಮಾತ್ರ ಇನ್ನೂ ಗ್ವಾಲಿ ಎಣಸೂವಾಗ
ಪಂಚವೀಸ ಅಂತಾನ, ಜೋರಾಗಿ.

ಹಿಂದಿನ ಸಾಲಿನ್ಯಾಗ ದುಂಡವ್ವ.
ಜೂನದಿಂದ ಒಂದು ಮಾತಾಡಿಲ್ಲ.
ಪಾಟಿ ಖಾಲಿ ತರತಾಳ, ಖಾಲಿ ಒಯ್ತಾಳ.
ಕಡ್ಡಿ ಕೊಟ್ಟೆ, ಮುಟ್ಟಲಿಲ್ಲ.
ಬಲಕ್ಕ ನಿಂತೆ, ಎಡಕ್ಕ ನಿಂತೆ.
ಯಾವ ಬಾಗಲಿಂದ ಬರತಾಳೋ, ಇನ್ನೂ ತಿಳದಿಲ್ಲ.
ಇವತ್ತು ಆಕಿ ಬಾಜೂಕ ನೆಲಕ್ಕ ಕುಂತೀನಿ.
ಆಕಿ ಸುಮ್ಮನ.
ನಾನೂ.